ಕೈಗೆ ಕೊಡಬಾರದ ಚಾಕು

ಬಿಡದಿಯಿಂದ ಕೊಚ್ಚಿಗೆ

ಕೊಚ್ಚಿಗೆ ಹೋಗಿ ಬರುತ್ತೇವೆ ಎಂದಾಗ ರಾಮನಗರದ ನಮ್ಮ ಬೀದಿಯವರೆಲ್ಲ ಬಾಳೆಕಾಯಿ ಚಿಪ್ಸ್ ತರಲು ಹೇಳಿದರು. ಇದು ಕೇರಳದ ಕೊಚ್ಚಿಯಲ್ಲ, ಜಪಾನಿನದು ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿ, ಕೊನೆಗೆ ಆಯ್ತು ತರ್ತೀನಿ ಎಂದುಬಿಟ್ಟೆ. ಅಲ್ಲಿಯವರು ಅದನ್ನು ಕೋಚಿ ಎಂದು ಎಳೆದು ಹೇಳುತ್ತಾರೆ. ಹೆಸರು ಕೇಳಿದ ಕೂಡಲೇ ನಮ್ಮ ಯಜಮಾನರು, "ಕೊಚ್ಚಿ ಅಂತ್ಲೇ ಊರಿಗೆ ಹೆಸರು ಮಡಗವ್ರೆ ಅಂದ್ಮೇಲೆ ಚಾಕು ಚೆನ್ನಾಗೇ ಇರ್ತವೆ ಬುಡು" ಎಂದರು. ಎಷ್ಟೋ ತಿಂಗಳಾದ ಮೇಲೆ ಅವರ ಬಾಯಿಂದ ಬಂದ ತಮಾಷೆ ಅದು. ಟಿಕೇಟು ತೆಗೆಸಿದ್ದಕ್ಕೆ ಅಷ್ಟಾದರೂ ಸಾರ್ಥಕವಾಯಿತು ಅಂದುಕೊಂಡೆ.

ಬಿಡದಿಯ ಹೆದ್ದಾರಿ ಪಕ್ಕ ನಮ್ಮದೊಂದು ಮಿಲಿಟರಿ ಹೋಟೆಲಿದೆ. ತಟ್ಟೆ ಇಡ್ಲಿಯ ಊರಿನಲ್ಲಿ ಮುದ್ದೆ, ಮಟನ್ ಸಾರು ಓಡುತ್ತದೆಯೇ ಎಂದು ನಕ್ಕವರ ಎದುರಿಗೇ ಟಾರ್ಪಾಲಿನ ಕೆಳಗೆ ಒಲೆ ಹೂಡಿ ಶುರು ಮಾಡಿದ್ದು. ವ್ಯಾಪಾರ ನನ್ನದು, ಮಾಂಸ ಅವರದು. ದೊಡ್ಡಆಲಹಳ್ಳಿಯಲ್ಲಿ ಅವರಪ್ಪನಿಂದ ಕಲಿತ ಕೈ. ಕುರಿ ಸುಲಿದು ತೊಡೆ, ಪಕ್ಕೆ, ಕತ್ತು ಬಿಡಿಸಿ ಇಡುವುದನ್ನು ನೋಡಲಿಕ್ಕೇ ಕೆಲವು ಗಿರಾಕಿಗಳು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಬರುತ್ತಿದ್ದರು.

ಒಂದು ದಿನ ಕೊಬ್ಬು ಮೆತ್ತಿದ ಪ್ಲಾಸ್ಟಿಕ್ ಹಿಡಿ ಜಾರಿ, ಕೈ ಹಾಗೆಯೇ ಅಲಗಿನ ಮೇಲೆ ಹೋಯಿತು. ತೋರುಬೆರಳಿನ ನರ ಕತ್ತರಿಸಿತು. ಡಾಕ್ಟರು ಹೊಲಿದರು. ಬೆರಳು ಮಡಚುವಂತಾಯಿತು. ಇನ್ನು ಕೆಲಸ ಮಾಡಬಹುದು, ಮಾಡಿದಷ್ಟೂ ಒಳ್ಳೆಯದು ಎಂದು ಹೇಳಿ ಕಳಿಸಿದರು. ಇವರು ಮಾತ್ರ ಚಾಕು ಮುಟ್ಟಲಿಲ್ಲ. ಪೇಟೆಯ ಅಂಗಡಿಯಿಂದ ಕತ್ತರಿಸಿದ ಮಾಂಸ ತರಿಸಿದೆವು. ಇವರು ಗಲ್ಲಾದಲ್ಲಿ ಕೂತರು. ಗಲ್ಲಾ ಅವರಿಗೆ ಒಗ್ಗುವ ಜಾಗವಲ್ಲ. ಗಿರಾಕಿ ದುಡ್ಡು ನೀಡಿದರೆ ಇವರು ಹಿತ್ತಲ ಕಡೆ ನೋಡುತ್ತಿರುತ್ತಿದ್ದರು. ನನಗೆ ಮಾಂಸದ ಚಿಂತೆಯಲ್ಲ. ಈ ಮನುಷ್ಯ ಹೀಗೆಯೇ ಕೂತು ಕೂತು ಮುಗಿದು ಹೋಗುತ್ತಾರೇನೋ ಎಂಬ ದಿಗಿಲು.

ಇದನ್ನು ವಿಡಿಯೊ ಕಾಲಿನಲ್ಲಿ ನೋಡಿ ತಿಳಿದವರು ಹಮಾದ. ಬಿಡದಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದಾಗ ವರ್ಷಗಟ್ಟಲೆ ನಮ್ಮಲ್ಲಿ ಉಂಡ ಜಪಾನಿನವರು. ನಮ್ಮ ಸಪ್ಲೈಯರುಗಳ ಬಾಯಲ್ಲಿ ಹಮೀದಣ್ಣ ಆಗಿದ್ದರು. ಈಗ ನಿವೃತ್ತರಾಗಿ, ಕೋಚಿಯ ಹತ್ತಿರದ ತಮ್ಮ ಹಳ್ಳಿಯಲ್ಲಿ ಕಾಡುಹಂದಿ ಬೇಟೆಗೆ ಲೈಸೆನ್ಸು ಪಡೆದು ಕೂತಿದ್ದಾರೆ. ಕನ್ನಡ ಕಲಿತಿದ್ದು ನಮ್ಮ ಹೋಟೆಲಿನಲ್ಲೇ, ಹಾಗಾಗಿ ಅದು ಊಟದ ಕನ್ನಡ. "ಅಕ್ಕ, ನಮ್ಮೂರಲ್ಲಿ ಕಮ್ಮಾರ ತಾತ ಅವ್ರೆ. ಬೇಟೆ ಚಾಕು ಮಾಡ್ತಾರೆ. ಕೈ ನೋಡಿ ಮಾಡ್ತಾರೆ. ಅಣ್ಣನ ಕೈ ತಗೊಂಡು ಬನ್ನಿ" ಎಂದರು. ಅಣ್ಣನ ಕೈಯೊಂದನ್ನೇ ತರಲಾದೀತೇ, ಇಬ್ಬರೂ ಹೊರಟೆವು.

ಕೋಚಿ, ರಸ್ತೆ ಸಂತೆ

ಆ ಊರಿನಲ್ಲಿ ಭಾನುವಾರ ದೊಡ್ಡ ರಸ್ತೆಯೊಂದರ ಉದ್ದಕ್ಕೂ ಸಂತೆ ಕೂರುತ್ತದೆ. ಶುಂಠಿ, ಗೆಣಸು, ಗಿಡ, ಕತ್ತಿ, ಕುಡುಗೋಲು ಎಲ್ಲವೂ. ನಮ್ಮ ಸಂತೆಯಂತೆಯೇ, ಸದ್ದೊಂದನ್ನು ಬಿಟ್ಟು. ಯಾರೂ ಕೂಗುವುದಿಲ್ಲ. ಕೂಗದ ಮೇಲೆ ಚೌಕಾಸಿ ಎಲ್ಲಿಂದ ಶುರು ಮಾಡುವುದು? ಒಬ್ಬ ಅಜ್ಜಿಯ ಹತ್ತಿರ ಶುಂಠಿಗೆ ಬೆರಳು ತೋರಿಸಿ ಕಡಿಮೆ ಮಾಡಿ ಎಂದೆ. ಆಕೆ ಬಹಳ ಖುಷಿಯಿಂದ ಶುಂಠಿಯನ್ನೇ ಕಡಿಮೆ ಮಾಡಿ ಚೀಲಕ್ಕೆ ಹಾಕಿದಳು. ಹಮಾದ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಅಲ್ಲಿನ ವಿಶೇಷ ಊಟ ಒಂದು ಬಗೆಯ ಮೀನು. ಹುಲ್ಲಿಗೆ ಬೆಂಕಿ ಕೊಟ್ಟು, ಎದ್ದ ಉರಿಯಲ್ಲಿ ಮೀನಿನ ಮೇಲ್ಮೈಯನ್ನಷ್ಟೇ ಸುಟ್ಟು, ಒಳಗೆ ಹಸಿಯಾಗಿಯೇ ಬಿಟ್ಟು ಬಿಲ್ಲೆ ಕೊಯ್ದು ಕೊಡುತ್ತಾರೆ. ಉರಿ ನೋಡಿದಾಗ ನನಗೆ ನಮ್ಮ ಕಡೆ ತಲೆಕಾಲು ಸುಡುವುದು ನೆನಪಾಗಿ ಬಾಯಲ್ಲಿ ನೀರೂರಿತು. ತಟ್ಟೆ ಬಂದ ಮೇಲೆ ನಿಂತಿತು. ಯಜಮಾನರು ಮಾತ್ರ ಮೀನು ಕೊಯ್ಯುವವನ ಕೈಯನ್ನೇ ನೋಡುತ್ತ ತಿಂದು ಮುಗಿಸಿದರು.

ಆಮೇಲೆ ಚಾಕುಗಳ ಅಂಗಡಿ. ನನ್ನ ಕಣ್ಣು ಮಿರಿಮಿರಿ ಹೊಳೆಯುವ ಹಿಡಿಯ ಮೇಲೆ ಬಿತ್ತು. ಚನ್ನಪಟ್ಟಣದ ಅರಗಿನ ಬೊಂಬೆ ನೋಡಿ ಬೆಳೆದವಳು ನಾನು, ನುಣುಪು ಅಂದರೆ ನನಗೆ ಒಳ್ಳೆಯ ಕೆಲಸ. ಹಮಾದ ತಲೆಯಾಡಿಸಿದರು. "ಅಕ್ಕ, ಇದು ಶೋಕೇಸ್‌ಗೆ. ಕೊಬ್ಬು ಹತ್ತಿದ್ರೆ ಸೋಪ್ ತರ ಜಾರುತ್ತೆ." ಯಜಮಾನರು ಎರಡೂ ಕೈ ಪ್ಯಾಂಟಿನ ಜೇಬಿಗೆ ತುರುಕಿ, ಅಂಗಡಿಗೆ ಬೆನ್ನು ಹಾಕಿ ನಿಂತಿದ್ದರು. ಒಂದು ಚಾಕುವನ್ನೂ ಮುಟ್ಟಲಿಲ್ಲ. ನನ್ನ ದಿಗಿಲು ವಿಮಾನ ಹತ್ತಿ ನಮ್ಮ ಜೊತೆಗೇ ಬಂದಿತ್ತು.

ಕಮ್ಮಾರರ ಕಣಿವೆ

ಕಮ್ಮಾರ ತಾತನ ಕುಲುಮೆ ಊರಾಚೆ, ಹೊಳೆಯೊಂದು ಬೆಟ್ಟ ಸೀಳಿಕೊಂಡು ಬರುವ ಕಡೆ. ತಲೆಗೆ ಟವೆಲು ಸುತ್ತಿದ ಸಣ್ಣ ದೇಹದ ಮನುಷ್ಯ. ನಮಸ್ಕಾರ ಆದ ಮೇಲೆ ನನ್ನ ಕಡೆ ನೋಡಲೇ ಇಲ್ಲ. ಯಜಮಾನರ ಬಲಗೈ ಹಿಡಿದು, ಅಂಗೈ ಅಳೆದು, ಹೊಲಿಗೆಯ ಗುರುತಿನ ಮೇಲೆ ತಮ್ಮ ಹೆಬ್ಬೆರಳು ಒತ್ತಿ, ಬೆರಳು ಮಡಚಿಸಿ ನೋಡಿದರು. ನಾಡಿ ನೋಡುವ ಪಂಡಿತರ ಹಾಗೆ.

ಒಳಗಿನಿಂದ ಆ ಕೈಗೆ ಹೊಂದುವ ಒಂದು ಚಾಕು ಆರಿಸಿ ತಂದರು. ಅಂಗೈಗಿಂತ ಒಸಿ ಉದ್ದದ ಅಲಗು. ಬಣ್ಣವಿಲ್ಲದ, ಹೊಳಪಿಲ್ಲದ ಮರದ ಹಿಡಿ. ಬೆರಳು ಮುಂದಕ್ಕೆ ಜಾರದ ಹಾಗೆ ಅಲಗಿನ ಬುಡದಲ್ಲಿ ಉಬ್ಬು ಬಿಟ್ಟಿದ್ದರು. ತಾತ ನೆಟ್ಟಗೆ ನಿಂತು, ತಲೆ ಬಾಗಿಸಿ, ಎರಡೂ ಕೈಗಳಲ್ಲಿ ಅದನ್ನು ಯಜಮಾನರ ಮುಂದೆ ಹಿಡಿದರು.

ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿಕೊಂಡರು.

ತಾತ ಮತ್ತೆ ಹಿಡಿದರು. ಇವರು ನೆಲದ ಕಡೆ ಕಣ್ಣು ತೋರಿಸಿ, ಬೇಡ ಎನ್ನುವಂತೆ ತಲೆಯಾಡಿಸಿದರು. ತಾತನ ಮುಖ ಗಂಟಾಯಿತು. ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು ಬಂದು ಹಮಾದರ ಕಿವಿಯಲ್ಲಿ ಏನೋ ಹೇಳಿದರು. ಹಮಾದ ನನಗೆ ಹೇಳಲು ಕಷ್ಟಪಟ್ಟರು. "ಅಕ್ಕ, ತಾತ ಹೇಳ್ತಾರೆ... ಈ ಕೈಗೆ ಭಯ ಐತೆ. ಭಯದ ಕೈಗೆ ಚಾಕು ಕೊಡಲ್ಲ ಅಂತಾರೆ."

ಇದು ದರ ಏರಿಸುವ ದಾರಿ ಎಂದೇ ನಾನು ತಿಳಿದೆ. ಮಾಲು ಒಳಗಿಟ್ಟುಬಿಡುವುದು ನಾವೂ ಮಾಡುವುದೇ. ಅದಕ್ಕೆ ನನ್ನ ಹತ್ತಿರ ಮದ್ದಿತ್ತು. "ಬ್ಯಾಡ ಬುಡಿ, ಬೇರೆ ಕಡೆ ನೋಡ್ಕತೀವಿ" ಎಂದು ಸೆರಗು ಸರಿಮಾಡಿಕೊಂಡು ಹೊರಟೆ. ಚನ್ನಪಟ್ಟಣದ ಅಂಗಡಿ ಸಾಲಿನಲ್ಲಿ ಹೀಗೆ ಎದ್ದು ಹೊರಟರೆ ಮೆಟ್ಟಿಲು ಇಳಿಯುವಷ್ಟರಲ್ಲಿ ಕರೆಯುತ್ತಾರೆ. ಚಪ್ಪಲಿ ಹಾಕಿಕೊಳ್ಳುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ತಾತ ಹಿಂದೆಯೇ ಬಂದರು. ಗೆದ್ದೆ ಎಂದುಕೊಂಡೆ. ಅವರು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ನಿಂತರು. ಕಾರು ಹೊರಟಿತು, ಅವರು ಬಗ್ಗಿಯೇ ಇದ್ದರು. ತಿರುವಿನಲ್ಲಿ ಹಿಂದೆ ನೋಡಿದೆ, ಇನ್ನೂ ಬಗ್ಗಿದ್ದರು. ಆ ದೇಶದಲ್ಲಿ ಅದು ಕರೆಯುವುದಲ್ಲ, ಕಳಿಸಿಕೊಡುವುದು.

ಚೌಕಾಸಿ ಬಲ್ಲವರಿಗೆ ನನ್ನ ಮೊದಲ ಬುದ್ಧಿಮಾತು ಇದೇ. ಜಪಾನಿನಲ್ಲಿ ಎದ್ದು ಹೊರಡಬೇಡಿ, ಮರ್ಯಾದೆಯಿಂದ ಕಳಿಸಿಬಿಡುತ್ತಾರೆ.

ಹಮಾದರ ಅಡುಗೆಮನೆ

ಹಮಾದರ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರು. ಆ ಕೆಲಸ ಅಲ್ಲಿಯೂ ಅಮ್ಮಂದಿರದೇ. ಹಾಗಾಗಿ ಅಡುಗೆಮನೆ ನನ್ನ ಪಾಲಿಗೆ ಬಂದಿತ್ತು. ಕೋಳಿ ಸಾರಿಗೆ ಒಗ್ಗರಣೆ ಹಾಕುತ್ತ ಯೋಚಿಸುತ್ತಿದ್ದೆ. ಆ ಮುದುಕ ಒಂದು ನೋಟಕ್ಕೆ ಕಂಡಿದ್ದನ್ನು ನಾನು ಇಷ್ಟು ತಿಂಗಳು ಒಪ್ಪಿಕೊಂಡಿರಲಿಲ್ಲ. ಕೈಗೆ ಭಯ ಐತೆ. ಇನ್ನು ಯಾವ ದೇಶಕ್ಕೆ ಕರೆದುಕೊಂಡು ಹೋಗಲಿ?

ಹಮಾದ ಅಂಗಳದ ಗಿಡದಿಂದ ಯುಜು ಎಂಬ ಹಣ್ಣು ಕಿತ್ತು ತಂದರು. ನಮ್ಮ ನಿಂಬೆಗೆ ಅಕ್ಕನಂತಿರುತ್ತದೆ. "ಅಕ್ಕ, ಚಾಕು ಕೊಡಿ" ಎಂದು ಕೈ ನೀಡಿದರು. ನಾನು ಅವರ ಪಕ್ಕದ ಹಲಗೆಯ ಮೇಲಿಟ್ಟೆ. ಅವರು ನೀಡಿದ ಕೈಯನ್ನು ಹಿಂದೆಗೆದುಕೊಂಡು ನಕ್ಕರು.

"ಬಿಡದಿಯಲ್ಲೂ ಇಂಗೇ. ಮಾವಿನಹಣ್ಣಿಗೆ ಚಾಕು ಕೇಳಿದ್ರೆ ಅಕ್ಕ ಕೈಗೆ ಕೊಡಲ್ಲ. ಟೇಬಲ್ ಮೇಲೆ ಟಕ್ ಅಂತ ಇಡ್ತಾರೆ. ನಾನು ಅಂದ್ಕೊಂಡೆ, ಅಕ್ಕಂಗೆ ನನ್ನ ಮೇಲೆ ಕೋಪ."

"ಕೋಪ ಎಂಥದು? ಚಾಕು ಕೈಯಿಂದ ಕೈಗೆ ಕೊಟ್ರೆ ಜಗಳ ಆಯ್ತದೆ ಅಂತ ಇಡದು. ನಮ್ ಕಡೆ ಯಾರೂ..."

ಒಗ್ಗರಣೆ ಸೀದ ವಾಸನೆ ಬಂತು. ಒಲೆ ಆರಿಸಿ ಹಜಾರಕ್ಕೆ ಬಂದೆ. ಯಜಮಾನರು ಕಿಟಕಿಯ ಹತ್ತಿರ ಕೂತಿದ್ದರು.

"ಇಲ್ನೋಡಿ, ಆ ತಾತ ಚಾಕು ನೀಡ್ದಾಗ ಯಾಕೆ ಈಸ್ಕಳ್ನಿಲ್ಲ?"

"ಕೈಗೆ ಕೊಟ್ರೆ ಯಾರಾರಾ ಈಸ್ಕತಾರಾ? ಕುಯ್ಯೋ ಸಾಮಾನು. ನಮ್ಮಪ್ಪ ನಂಗೂ ನೆಲಕ್ಕಿಟ್ಟೇ ಕೊಡ್ತಿದ್ದ. ಕೆಳಗಿಡಿ ಅಂತ ಕಣ್ಸನ್ನೆ ಮಾಡ್ದೆ, ಅಯ್ಯನಿಗೆ ತಿಳೀನಿಲ್ಲ."

"ಅದನ್ನ ಅಲ್ಲೇ ಬಾಯ್ಬುಟ್ಟು ಹೇಳಕೆ ಏನಾಗಿತ್ತು?"

"ನೀನು ಯಾಪಾರಕ್ಕೆ ಇಳಿದ್ಬುಟ್ಟಿದ್ದೆ ಕಣಮ್ಮಿ. ನೀನು ಯಾಪಾರ ಮಾಡುವಾಗ ನಾನು ಯಾವತ್ತು ಬಾಯಾಕಿದ್ದೀನಿ?"

ಅದು ನಿಜ. ಬಾಯಿ ಹಾಕಬೇಡಿ ಎಂದು ನಾನೇ ಹೇಳಿಕೊಟ್ಟಿದ್ದು. ನಗಬೇಕೋ ಅಳಬೇಕೋ ತಿಳಿಯದೆ ಅಲ್ಲಿಯೇ ಕೂತೆ. "ಹಂಗಾರೆ ಭಯ ಇಲ್ವಾ?" ಎಂದೆ. "ಐತೆ" ಎಂದರು. "ಆದ್ರೆ ಆ ಚಾಕ ಒಂದ್ಸಲ ಹಿಡ್ದು ನೋಡನಾ ಅನ್ನುಸ್ತು."

ಕಣಿವೆಗೆ ಎರಡನೆಯ ಸಲ

ಮರುದಿನ ಹಮಾದ ಕುಲುಮೆಯ ಬಾಗಿಲಲ್ಲೇ ನಿಂತು ತಾತನಿಗೆ ಎಲ್ಲ ವಿವರಿಸಿದರು. ತಾತ ತಲೆಯ ಟವೆಲು ಬಿಚ್ಚಿ ಕೇಳಿಸಿಕೊಂಡರು. ಅವರ ದೇಶದಲ್ಲೂ ಚಾಕುವನ್ನು ಉಡುಗೊರೆ ಕೊಟ್ಟರೆ ನಂಟು ಕಡಿಯುತ್ತದೆ ಎನ್ನುವವರಿದ್ದಾರಂತೆ. ಆದರೆ ಎರಡೂ ಕೈಯಲ್ಲಿ ನೀಡುವುದು ಮರ್ಯಾದೆ. ಕೆಳಗಿಡು ಎಂದರೆ ಮಾಡಿದವನ ಮುಖಕ್ಕೆ ಎಸೆದ ಹಾಗೆ. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಡಲು ಹೋಗಿ ಕೆಟ್ಟಿದ್ದರು.

ತಾತ ಒಂದು ಮರದ ದಿಮ್ಮಿಯನ್ನು ಉರುಳಿಸಿ ತಂದು, ಮೇಲೆ ಬಿಳಿ ಬಟ್ಟೆ ಹಾಸಿ, ಚಾಕುವನ್ನು ಇಟ್ಟು ಹಿಂದೆ ಸರಿದರು. ಯಜಮಾನರು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ದಿಮ್ಮಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಚಾಕು ಎತ್ತಿಕೊಂಡರು. ಉಬ್ಬಿಗೆ ತಾಗಿದ ತೋರುಬೆರಳನ್ನು ಥಟ್ಟನೆ ಹಿಂದಕ್ಕೆಳೆದು, ಮತ್ತೆ ಇಟ್ಟರು. ಅದು ನನಗೂ ಕಂಡಿತು, ತಾತನಿಗೂ ಕಂಡಿತು.

ತಾತ ಒಳಗೆ ಹೋಗಿ ಜಿಂಕೆಯದೊಂದು ಹಿಂಗಾಲು ತಂದು ದಿಮ್ಮಿಯ ಮೇಲಿಟ್ಟರು. ಅಲ್ಲಿ ಬೆಳೆ ತಿನ್ನುವ ಜಿಂಕೆ, ಹಂದಿಗಳನ್ನು ಲೈಸೆನ್ಸು ಇದ್ದವರು ಹೊಡೆಯಬಹುದು. ನಮ್ಮ ಕನಕಪುರದ ಕಡೆಯವರು ಬಾಯಿಬಿಟ್ಟು ನೋಡಬೇಡಿ, ಇಲ್ಲಿ ಅದು ಜೈಲಿನ ಕೆಲಸ.

ಯಜಮಾನರು ನಿಂತೇ ಇದ್ದರು. ಕುಲುಮೆಯಲ್ಲಿ ಇದ್ದಿಲು ಸಿಡಿಯುವುದು ಕೇಳುತ್ತಿತ್ತು. ಕೊಯ್ಯಿರಿ ಎನ್ನಲು ನನ್ನ ನಾಲಿಗೆ ತುರಿಸುತ್ತಿತ್ತು. ಹಲ್ಲು ಕಚ್ಚಿ ನಿಂತೆ. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಬಾಯಿ ಮುಚ್ಚಿಕೊಂಡಿದ್ದು ನೆನಪಿಲ್ಲ. ಅವರು ಎಡಗೈಯಲ್ಲಿ ಕಾಲು ಹಿಡಿದು, ಕೀಲು ಎಲ್ಲಿದೆ ಎಂದು ತಡವಿ, ಚಾಕುವಿನ ತುದಿ ಊರಿದರು. ಹಾಗೆಯೇ ಎಳೆದರು. ಒತ್ತಲೇ ಇಲ್ಲ. ಮಾಂಸ ಸದ್ದಿಲ್ಲದೆ ಬಿಟ್ಟುಕೊಂಡಿತು. ಇನ್ನೊಂದು ಎಳೆತ, ಮತ್ತೊಂದು. ಅರ್ಧ ಕಾಲು ಬಿಡಿಸುವಷ್ಟರಲ್ಲಿ ನಮ್ಮನ್ನೆಲ್ಲ ಮರೆತಿದ್ದರು. ಹಿಂದೆ ತಿರುಗದೆಯೇ, "ಬಟ್ಟೆ ಕೊಡಮ್ಮಿ" ಎಂದರು, ಹಿತ್ತಲಿನಲ್ಲಿ ದಿನಾ ಕೇಳುತ್ತಿದ್ದ ಹಾಗೆ. ಎದೆಯ ಮೇಲಿನ ಬೀಸುಕಲ್ಲು ಯಾರೋ ಇಳಿಸಿದಂತಾಯಿತು. ಬಟ್ಟೆ ಎಲ್ಲಿದೆ ಎಂದು ಹುಡುಕಲೂ ತಿಳಿಯದೆ ಕುತ್ತಿಗೆಗೆ ಸುತ್ತಿದ್ದ ನನ್ನ ಮಫ್ಲರನ್ನೇ ಕೊಟ್ಟೆ.

ಚಾಕುವಿನ ಬೆಲೆ ನಾನು ಒಂದು ಕಾಸೂ ಇಳಿಸಲಿಲ್ಲ. ಆದರೆ ಬರಿಗೈಲಿ ಬರುವ ಹೆಂಗಸೂ ಅಲ್ಲ; ಮೇಲೊಂದು ಸಾಣೆಕಲ್ಲು ಹಾಕಿಕೊಡಿ ಎಂದೆ. ಹಮಾದ ನಾಚಿಕೊಂಡು ತಿಳಿಸಿದರು. ತಾತ ಮೊದಲ ಸಲ ಹಲ್ಲು ಬಿಟ್ಟು ನಕ್ಕು, ತಾವು ಬಳಸಿ ಸವೆದ ಕಲ್ಲೊಂದನ್ನು ದಿಮ್ಮಿಯ ಮೇಲಿಟ್ಟರು. ಕೈಗೆ ಕೊಡಲಿಲ್ಲ.

ಮುಂದೆ ಇಂಥದ್ದು ಕೊಳ್ಳುವವರು ನಾನು ಅಲ್ಲಿ ಕಲಿತದ್ದನ್ನು ಕೇಳಿಸಿಕೊಳ್ಳಿ. ಈ ಚಾಕುಗಳಲ್ಲಿ ಗಟ್ಟಿ ಉಕ್ಕು ನಡುವೆ ಇರುತ್ತದೆ, ಮೆತ್ತನೆಯ ಕಬ್ಬಿಣ ಎರಡೂ ಮಗ್ಗುಲಿಗೆ. ಅವು ಕೂಡುವಲ್ಲಿ ಕೆರೆಯ ದಡದಂಥ ಗೆರೆ ಕಾಣುತ್ತದೆ. ಆ ಗೆರೆ ಎರಡು ಮಗ್ಗುಲಿನಲ್ಲೂ ಒಂದೇ ಎತ್ತರದಲ್ಲಿ ಓಡಬೇಕು. ಬೆನ್ನು ಮೇಲೆ ಮಾಡಿ ಕಣ್ಣಿನ ನೇರಕ್ಕೆ ಹಿಡಿದರೆ ಸೊಟ್ಟ ಇರಕೂಡದು. ಉದ್ದಕ್ಕೆ ಆಸೆ ಪಡಬೇಡಿ. ಸುಲಿಯುವುದಕ್ಕೆ ಗಿಡ್ಡ ಅಲಗೇ ಬೇಕು, ಉದ್ದವಾದರೆ ಊರಿಗೆ ತರುವಾಗ ಕಾನೂನಿನ ತಂಟೆ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಬಳಸುವವರನ್ನೇ ಕರೆದುಕೊಂಡು ಹೋಗಿ. ನಾನೊಬ್ಬಳೇ ಹೋಗಿದ್ದರೆ ಹೊಳೆಯುವ ಹಿಡಿಯದನ್ನೇ ತರುತ್ತಿದ್ದೆ.

ಹಮಾದರ ಮನೆಯಲ್ಲಿ ಪೂಜೆ

ಹೊಸ ಆಯುಧ ಮನೆಗೆ ಬಂದ ಮೇಲೆ ಪೂಜೆ ಮಾಡದೆ ಇರಲಾದೀತೇ? ಅಲಗಿಗೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣಿಗೆ ಬದಲು ಯುಜುವನ್ನು ಅದರಲ್ಲೇ ಹೋಳು ಮಾಡಿ, ಹಾಗೆಯೇ ಗೂಡಿನಲ್ಲಿಟ್ಟು ಊಟಕ್ಕೆ ಕೂತೆವು. ಉಂಡು ಬಂದು ನೋಡಿದರೆ ಅಲಗಿನ ಮೇಲೆ ಕಪ್ಪು ಮಚ್ಚೆ, ಕುಂಕುಮ ಇಟ್ಟ ಕಡೆ ಕೆಂಪು ತುಕ್ಕು. ಯಜಮಾನರ ಮುಖ ನೋಡಲಾಗಲಿಲ್ಲ. "ಮುಟ್ಟಿದ್ ದಿನವೇ ಕೆಡುಸ್ಬುಟ್ಯಲ್ಲಮ್ಮಿ" ಎಂದರು.

ಹಮಾದ ತಾತನಿಗೆ ಫೋನು ಮಾಡಿದರು. ಆ ಕಡೆಯಿಂದ ಬಂದ ನಗು ನನಗೂ ಕೇಳಿಸಿತು. ಇದು ತಟ್ಟೆ ಲೋಟದ ಸ್ಟೀಲಲ್ಲ, ಬರೀ ಉಕ್ಕು. ಹುಳಿ ಕಂಡರೆ ಕಪ್ಪಾಗುತ್ತದೆ, ನೀರು ನಿಂತರೆ ತುಕ್ಕು ಹಿಡಿಯುತ್ತದೆ. ಒದ್ದೆ ಬಟ್ಟೆಗೆ ನಯವಾದ ಬೂದಿ ಹಾಕಿ ಉಜ್ಜಿ, ಒಣಗಿಸಿ, ಎಣ್ಣೆ ಸವರಿ ಎಂದರು. ಕೆಂಪು ಹೋಯಿತು. ಕಪ್ಪು ಮಚ್ಚೆ ಉಳಿಯಿತು. ಅದರಿಂದ ಕೇಡಿಲ್ಲ, ಬಳಸುತ್ತ ಬಳಸುತ್ತ ಅಲಗೆಲ್ಲ ಅದೇ ಬಣ್ಣಕ್ಕೆ ತಿರುಗುತ್ತದೆ, ಆಗಲೇ ತುಕ್ಕು ದೂರ ಎಂದರಂತೆ.

ಆದ್ದರಿಂದ ನಮ್ಮವರಿಗೆ ಹೇಳುತ್ತೇನೆ. ಆಯುಧ ಪೂಜೆಯ ದಿನ ಕುಂಕುಮ ಹಿಡಿಗೆ ಹಚ್ಚಿ, ಅಲಗಿಗೆ ಬೇಡ. ನಿಂಬೆಹಣ್ಣನ್ನು ಬೇರೆ ಚಾಕುವಿನಲ್ಲಿ ಕೊಯ್ಯಿರಿ, ದೇವರು ಬೇಸರ ಮಾಡಿಕೊಳ್ಳುವುದಿಲ್ಲ. ಕೆಲಸ ಮುಗಿದ ಕೂಡಲೇ ತೊಳೆದು, ಒರೆಸಿ, ತೆಳುವಾಗಿ ಎಣ್ಣೆ ಸವರಿ. ಅಲ್ಲಿಯವರದು ಯಾವುದೋ ಹೂವಿನ ಗಿಡದ ಬೀಜದ ಎಣ್ಣೆ. ಅದು ಮುಗಿದ ಮೇಲೆ ನಾವು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇವೆ, ಏನೂ ತೊಂದರೆಯಾಗಿಲ್ಲ. ಚರ್ಮದ ಒರೆಯಲ್ಲಿಟ್ಟು ಮರೆಯಬೇಡಿ, ಚರ್ಮ ಬೆವರುತ್ತದೆ. ಮೂಳೆ ಕಡಿಯಲು ಮಚ್ಚು ಇದೆ, ಇದರಲ್ಲಿ ಕಡಿದರೆ ಬಾಯಿ ಮುಕ್ಕಾಗುತ್ತದೆ. ಮೊಂಡಾಯಿತೆಂದು ಬೀದಿಯಲ್ಲಿ ಚಕ್ರ ತಿರುಗಿಸುತ್ತ ಬರುವ ಸಾಣೆಯವನ ಕೈಗಂತೂ ಕೊಡಲೇಬೇಡಿ. ಕಿಡಿ ಹಾರಿದರೆ ಉಕ್ಕಿನ ಹದ ಕೆಟ್ಟ ಹಾಗೆ. ಕಲ್ಲನ್ನು ನೀರಲ್ಲಿ ನೆನೆಸಿ, ನಿಧಾನವಾಗಿ, ಒಂದೇ ಓರೆಯಲ್ಲಿ ಉಜ್ಜಬೇಕು.

ಬಿಡದಿ

ಚಾಕು ಡಬ್ಬಿಯೊಳಗೆ, ಡಬ್ಬಿ ಸೂಟ್‌ಕೇಸಿನೊಳಗೆ, ಸೂಟ್‌ಕೇಸು ವಿಮಾನದ ಹೊಟ್ಟೆಯೊಳಗೆ. ಕೈಚೀಲದಲ್ಲಿ ಇಂಥದ್ದು ಇಡುವಂತಿಲ್ಲ. ಬೆಂಗಳೂರಿನಲ್ಲಿ ಅಧಿಕಾರಿಯೊಬ್ಬರು ಡಬ್ಬಿ ತೆಗೆಸಿ, "ಏನಮ್ಮ ಇದು?" ಎಂದರು. ಹೋಟೆಲಿನದು, ಕುರಿ ಸುಲಿಯುವುದಕ್ಕೆ ಎಂದೆ. ಅಲಗು ಅಳೆದು ನೋಡಿ, ಹೋಟೆಲು ಎಲ್ಲಿ ಎಂದು ಕೇಳಿ, "ಮುದ್ದೆ ಇರುತ್ತಾ?" ಎಂದು ವಿಚಾರಿಸಿ ಬಿಟ್ಟರು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ನಾನು ತಿಳಿದದ್ದು ತಪ್ಪು. ಊರಿಗೆ ಬಂದ ಮೇಲೆ ಚಾಕು ಡಬ್ಬಿಯಲ್ಲೇ ಉಳಿಯಿತು. ಇವರು ದಿನಾ ತೆಗೆದು ಎಣ್ಣೆ ಸವರುವರು, ಮತ್ತೆ ಮುಚ್ಚಿಡುವರು. ಹಿತ್ತಲಿನಲ್ಲಿ ಮಾಂಸ ಕೊಯ್ಯುವ ಕೊರಡಿನ ಹತ್ತಿರ ಹೋಗುತ್ತಿರಲಿಲ್ಲ. ಬೆರಳು ಕೊಯ್ದುಕೊಂಡದ್ದು ಆ ಕೊರಡಿನ ಮೇಲೆಯೇ. ಕಮ್ಮಾರರ ಕಣಿವೆಯಲ್ಲಿ ಧೈರ್ಯ ಬಂದದ್ದು ಕಣಿವೆಯಲ್ಲೇ ಉಳಿಯಿತೇನೋ ಎಂದು ನಾನು ಒಳಗೊಳಗೇ ಕುಸಿದೆ.

ಒಂದು ಬೆಳಿಗ್ಗೆ ಮಸಾಲೆ ರುಬ್ಬಿಸುತ್ತಿದ್ದೆ. ಹಿತ್ತಲಿನಲ್ಲಿ ನೀರು ಹೊಯ್ದ ಸದ್ದಾಯಿತು. ಇಣುಕಿದೆ. ಇವರು ಕೊರಡನ್ನು ತೆಂಗಿನ ನಾರಿನಲ್ಲಿ ಉಜ್ಜಿ ತೊಳೆಯುತ್ತಿದ್ದರು. ತೊಳೆದು ಬಿಸಿಲಿಗೆ ಬಿಟ್ಟು ಎಲ್ಲಿಗೋ ಹೋದರು. ಬಂದಾಗ ಹೆಗಲ ಮೇಲೆ ಕಡಿದ ಕುರಿ. ಕೊಂಡಿಗೆ ನೇತುಹಾಕಿ, ಡಬ್ಬಿ ತೆಗೆದು, ಚಾಕುವನ್ನು ಕೊರಡಿನ ಮೇಲಿಟ್ಟು, ಅದನ್ನೇ ನೋಡುತ್ತ ನಿಂತರು. ಆಮೇಲೆ ಎತ್ತಿಕೊಂಡರು. ಹಿಂಗಾಲಿನ ಗೊರಸಿನ ಹತ್ತಿರ ಒಂದು ಗೀರು, ಅಲ್ಲಿಂದ ಚರ್ಮ ಅಂಗಿ ಬಿಚ್ಚಿದ ಹಾಗೆ ಇಳಿಯತೊಡಗಿತು.

ನಾನು ಒಳಗೆ ಬಂದುಬಿಟ್ಟೆ. ನೋಡುತ್ತಿದ್ದೇನೆ ಎಂದು ತಿಳಿದರೆ ಕೈ ತಪ್ಪೀತು.

ಮಸಾಲೆ ನುಣ್ಣಗಾಗುವ ಹೊತ್ತಿಗೆ ಹಿತ್ತಲಿನಿಂದ ಕೂಗಿದರು. "ಅಮ್ಮೀ, ಪೇಟೆ ಅಂಗಡಿಯೋರ್ಗೆ ಫೋನ್ ಮಾಡು. ನಾಳಿಂದ ಮಟನ್ ತರದು ಬ್ಯಾಡ ಅಂದ್ಬುಡು."

ಕೈಗೆ ಅಂಟಿದ ಮಸಾಲೆಯನ್ನೂ ತೊಳೆಯದೆ ಫೋನು ಮಾಡಿದೆ.